ಮೊದಲ ಪಾಠ: ದೋಣಿ ಮಗುಚುವುದು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ನಾವು ಮಕ್ಕಳ ಮುಂದೆ ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಮಕ್ಕಳಿಗೆ ಬುದ್ಧಿ ಹೇಳಲು ಹುಟ್ಟಿದ ಈ ಗಾದೆ ದೊಡ್ಡವರಿಗೆ ಒಳ್ಳೆಯ ನೆಪವೂ ಆಗಿದೆ. ಸಂಗೀತ ಕಲಿಯೋಣ ಬನ್ನಿ, ಕಂಪ್ಯೂಟರ್ ಕಲಿಯೋಣ ಬನ್ನಿ ಎಂದು ಯಾರಾದರೂ ಕರೆದರೆ ‘ಇನ್ನು ನಮ್ಮಿಂದಾಗದು, ಮಕ್ಕಳು ಕಲಿಯಲಿ ಬಿಡಿ’ ಎಂದುಬಿಡುತ್ತೇವೆ. ನೀರಿನ ವಿಷಯ ಬಂದಾಗಲಂತೂ ಈ ನೆಪ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಾವೂ ಕಲಿಯುವುದಿಲ್ಲ, ಮಕ್ಕಳಿಗೂ ಕಲಿಸುವುದಿಲ್ಲ. ‘ಕೆರೆಯ ಹತ್ತಿರ ಹೋಗಬೇಡ’ ಎಂಬಲ್ಲಿಗೆ ನಮ್ಮ ಜಲಶಿಕ್ಷಣ ಮುಗಿಯಿತು.

ಇಂಗ್ಲೆಂಡಿನ ಫ್ರಾನ್ಸಿಸ್ ಚಿಚೆಸ್ಟರ್ ಈ ಗಾದೆಯನ್ನು ಕೇಳಿರಲಿಲ್ಲವೆಂದು ಕಾಣುತ್ತದೆ. 1901ರಲ್ಲಿ ಹುಟ್ಟಿದ ಈತ ಯೌವನದಲ್ಲಿ ಪುಟ್ಟ ವಿಮಾನವೊಂದರಲ್ಲಿ ಒಬ್ಬನೇ ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಹಾರಿ ಹೆಸರಾಗಿದ್ದವನು. ಹಾಯಿದೋಣಿಯ ಸಹವಾಸ ಹತ್ತಿದ್ದು ಮಾತ್ರ ಐವತ್ತು ದಾಟಿದ ಮೇಲೆ. 1960ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಬ್ಬೊಬ್ಬರೇ ದಾಟುವ ಮೊದಲ ಪಂದ್ಯವನ್ನು 40 ದಿನಗಳಲ್ಲಿ ಗೆದ್ದ. 1966ರ ಆಗಸ್ಟ್ 27ರಂದು ‘ಜಿಪ್ಸಿ ಮಾತ್ 4’ ಎಂಬ ದೋಣಿಯಲ್ಲಿ ಪ್ಲಿಮತ್ ಬಂದರಿನಿಂದ ಒಬ್ಬನೇ ಹೊರಟು, ಸಿಡ್ನಿಯಲ್ಲಿ ಒಮ್ಮೆ ಮಾತ್ರ ತಂಗಿ, ಭೂಮಿಯನ್ನು ಸುತ್ತಿ 1967ರ ಮೇ 28ರಂದು ಮರಳಿದಾಗ ಆತನ ವಯಸ್ಸು 65. ಸಿಡ್ನಿ ಬಿಟ್ಟ ಬೆನ್ನಲ್ಲೇ ಟಾಸ್ಮನ್ ಸಮುದ್ರದ ಬಿರುಗಾಳಿಯಲ್ಲಿ ದೋಣಿ ಮಗ್ಗುಲಾಗಿ ಉರುಳಿಬಿಟ್ಟಿತ್ತು. ಅದು ತಾನಾಗಿ ಎದ್ದು ನಿಂತಿತು. ಈತ ಚೆಲ್ಲಾಪಿಲ್ಲಿಯಾದ ಸಾಮಾನುಗಳನ್ನು ಎತ್ತಿಟ್ಟು ಮುಂದೆ ಸಾಗಿದ.

‘ಅವನು ಸಾಹಸಿ, ನಮಗೆ ಅಷ್ಟೆಲ್ಲ ಯಾಕೆ?’ ಎನ್ನುತ್ತೀರಾ? ನಿಜ, ಅಷ್ಟೆಲ್ಲ ಬೇಡ. ಆ ಕಥೆಯ ಕೊನೆಯ ಮಾತನ್ನು ಮಾತ್ರ ನೆನಪಿನಲ್ಲಿಡಿ. ದೋಣಿ ಉರುಳಿತು, ಎದ್ದಿತು, ಪ್ರಯಾಣ ಮುಂದುವರಿಯಿತು. ಹಾಯಿದೋಣಿ ಕಲಿಸುವ ಕಡೆಗಳಲ್ಲಿ ಹೊಸಬರಿಗೆ ಮೊದಲ ದಿನಗಳಲ್ಲೇ ಹೇಳಿಕೊಡುವುದು ಇದನ್ನು. ದೋಣಿ ಓಡಿಸುವುದು ಆಮೇಲೆ. ಮೊದಲು ಬೇಕೆಂದೇ ಅದನ್ನು ಮಗುಚಿ, ಮತ್ತೆ ನೆಟ್ಟಗೆ ನಿಲ್ಲಿಸುವುದು.

‘ಬೇಡ’ ಎಂದರೆ ಸಾಕೆ?

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ 29 ವರ್ಷಕ್ಕಿಂತ ಚಿಕ್ಕವರು. ಕಾಲು ಭಾಗ ಐದು ವರ್ಷವೂ ತುಂಬದ ಕಂದಮ್ಮಗಳು. ಈ ಸಾವುಗಳ ಕಡೆಗೆ ಗಮನ ಸೆಳೆಯಲೆಂದೇ ವಿಶ್ವಸಂಸ್ಥೆ 2021ರಿಂದ ಜುಲೈ 25ನ್ನು ಮುಳುಗುಸಾವು ತಡೆಯುವ ದಿನವೆಂದು ಗೊತ್ತುಮಾಡಿದೆ.

ಅಂಕಿಅಂಶ ದೂರದ್ದು ಎನಿಸಿದರೆ ಬೇಸಿಗೆ ರಜೆಯ ಯಾವುದಾದರೂ ಒಂದು ವಾರದ ಪತ್ರಿಕೆಗಳನ್ನು ತೆಗೆದು ನೋಡಿ. ಕಲ್ಲು ಕ್ವಾರಿಯ ಹೊಂಡ, ಊರ ಕೆರೆ, ನಾಲೆ, ನದಿಯ ಮಡು; ಸ್ಥಳದ ಹೆಸರು ಬದಲಾಗುತ್ತದೆ, ಸುದ್ದಿ ಅದೇ. ಒಬ್ಬ ಜಾರಿದ, ಅವನನ್ನು ಹಿಡಿಯಲು ಇನ್ನೊಬ್ಬ ಹಾರಿದ, ಅವರಿಬ್ಬರನ್ನು ಎಳೆಯಲು ಮೂರನೆಯವನು ಇಳಿದ. ಈ ಮಕ್ಕಳಲ್ಲಿ ಬಹುಪಾಲು ಎಲ್ಲರಿಗೂ ಮನೆಯಲ್ಲಿ ‘ನೀರಿನ ಹತ್ತಿರ ಹೋಗಬೇಡ’ ಎಂದು ಹೇಳಿಯೇ ಇರುತ್ತಾರೆ. ಹೇಳಿದ್ದು ತಪ್ಪಲ್ಲ. ಆದರೆ ಆ ಒಂದು ಮಾತಿನಿಂದ ಹುಡುಗನ ಕುತೂಹಲ ಕಡಿಮೆಯಾಗುವುದಿಲ್ಲ. ನೀರು ಹೇಗೆ ವರ್ತಿಸುತ್ತದೆಂಬ ತಿಳಿವಳಿಕೆಯೂ ಅವನಿಗೆ ಬರುವುದಿಲ್ಲ.

ನೀರಿನ ಮೇಲಿನ ಧೈರ್ಯವೆಂದರೆ ಭಯವಿಲ್ಲದಿರುವುದು ಎಂದು ಹಲವರ ಎಣಿಕೆ. ಭಯವಿಲ್ಲದ ಹುಡುಗನೇ ಕ್ವಾರಿಗೆ ಹಾರುವವನು! ಭಯ ಇರಲಿ, ಅದು ಒಳ್ಳೆಯದೇ. ‘ಹೀಗಾದರೆ ನಾನು ಹೀಗೆ ಮಾಡಬೇಕು, ಮಾಡಿ ನೋಡಿದ್ದೇನೆ’ ಎಂಬ ಭರವಸೆ ಅದರ ಜೊತೆಗಿರಬೇಕು. ಈ ಭರವಸೆ ದೊಡ್ಡವರಲ್ಲಿ ಹೇಗೆ ಹುಟ್ಟುತ್ತದೆಂದು ನೋಡಲು ಹಾಯಿದೋಣಿ ಒಳ್ಳೆಯ ಪಾಠಶಾಲೆ.

ಏಳು ಮಂದಿಯ ಶಿಬಿರ

ಎರಡು ವರ್ಷಗಳ ಹಿಂದೆ ರಜೆಯಲ್ಲಿ ನಾನೂ ಅಂಥ ಒಂದು ಶಿಬಿರಕ್ಕೆ ಸೇರಿದ್ದೆ. ನೆರೆರಾಜ್ಯದ ಒಂದು ದೊಡ್ಡ ಜಲಾಶಯ, ಆರು ದಿನಗಳ ತರಬೇತಿ. ಕಲಿಯಲು ಬಂದವರು ಏಳು ಮಂದಿ. ಯಾರೂ ಮೂವತ್ತೈದಕ್ಕಿಂತ ಚಿಕ್ಕವರಲ್ಲ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದರು, ಔಷಧದ ಅಂಗಡಿ ನಡೆಸುವ ಮಹಿಳೆಯೊಬ್ಬರಿದ್ದರು, ಮಲೆನಾಡಿನ ಒಬ್ಬ ಅಡಿಕೆ ಕೃಷಿಕರಿದ್ದರು. ಮೊದಲ ಸಂಜೆ ಎಲ್ಲರೂ ಬಂದ ಕಾರಣ ಹೇಳುವಾಗ ಆ ಕೃಷಿಕರು ಹೇಳಿದ ಮಾತು ಹೀಗಿತ್ತು: ‘ನನ್ನ ತೋಟದಲ್ಲಿ ಕೆರೆ ಇದೆ, ಮನೆಯಲ್ಲಿ ಮೂವರು ಮಕ್ಕಳಿದ್ದಾರೆ. ಒಬ್ಬ ಬಿದ್ದರೆ ದಡದಲ್ಲಿ ನಿಂತು ಕೂಗುವುದು ಬಿಟ್ಟು ಬೇರೇನೂ ನನಗೆ ಬರುವುದಿಲ್ಲ. ಹೋದ ವರ್ಷ ಈಜು ಕಲಿತೆ. ಈ ವರ್ಷ ಇದು.’ ಆಮೇಲೆ ಮಾತನಾಡಬೇಕಿದ್ದ ನಾವು ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಕಲಿಯುವವರಿಗೆ ಕೊಡುವ ದೋಣಿ ಡಿಂಗಿ ಎಂಬ ಪುಟ್ಟ ಜಾತಿಯದು. ನಾಲ್ಕು ಮೀಟರಿನ ಆಸುಪಾಸು ಉದ್ದ, ಒಂದು ಕಂಬ, ಒಂದೋ ಎರಡೋ ಹಾಯಿ. ಹಿಂದೆ ಚುಕ್ಕಾಣಿ, ಅದನ್ನು ತಿರುಗಿಸಲು ಒಂದು ಹಿಡಿಕೋಲು. ದೋಣಿಯ ನಡುವೆ ಒಂದು ಸೀಳು. ಅದರೊಳಗಿಂದ ನೀರಿಗಿಳಿಸುವ ಹಲಗೆಗೆ ಸೆಂಟರ್‌ಬೋರ್ಡ್ ಎಂದು ಹೆಸರು. ಹಾಯಿಯನ್ನು ಬಿಗಿಮಾಡಲು, ಸಡಿಲಬಿಡಲು ಒಂದು ಹಗ್ಗ. ಇಷ್ಟೇ ಯಂತ್ರ.

ಎರಡನೆಯ ಬೆಳಿಗ್ಗೆ ತರಬೇತುದಾರರು ನಮ್ಮನ್ನು ದಡದ ಹತ್ತಿರವೇ ನಿಲ್ಲಿಸಿ, ‘ಈಗ ಮಗುಚಿ’ ಎಂದರು. ದೋಣಿಯ ಒಂದೇ ಅಂಚಿನಲ್ಲಿ ಭಾರ ಹಾಕಿದರೆ ಆಯಿತು, ಅದು ಮಗ್ಗುಲಾಗಿ ಬೀಳುತ್ತದೆ. ಹಾಯಿ ನೀರಿನ ಮೇಲೆ ಚಾಪೆಯಂತೆ ಹಾಸಿಕೊಳ್ಳುತ್ತದೆ. ಆಗ ಮಾಡಬೇಕಾದ್ದು ಕ್ರಮವಾಗಿ ಹೀಗೆ. ದೋಣಿಯನ್ನು ಬಿಡಬಾರದು. ಜೊತೆಗಾರ ಎಲ್ಲಿದ್ದಾನೆ ನೋಡಬೇಕು. ದೋಣಿಯ ಮೂತಿಯನ್ನು ಗಾಳಿ ಬರುವ ಕಡೆಗೆ ತಿರುಗಿಸಬೇಕು, ಇಲ್ಲವಾದರೆ ಎದ್ದ ಕೂಡಲೇ ಹಾಯಿಗೆ ಗಾಳಿ ತುಂಬಿ ಮತ್ತೆ ಬಿದ್ದೀತು. ಆಮೇಲೆ ಅಡಿಭಾಗದ ಕಡೆಗೆ ಸುತ್ತಿಕೊಂಡು ಹೋಗಿ, ಈಗ ನೀರಿಗೆ ಸಮವಾಗಿ ಚಾಚಿಕೊಂಡಿರುವ ಸೆಂಟರ್‌ಬೋರ್ಡಿನ ಮೇಲೆ ಹತ್ತಿ ನಿಂತು ಹಿಂದಕ್ಕೆ ಒರಗಬೇಕು.

ಇಲ್ಲಿ ಕೆಲಸ ಮಾಡುವುದು ತೋಳ್ಬಲವಲ್ಲ, ಎಂಟನೆಯ ತರಗತಿಯ ಸನ್ನೆಕೋಲು. 60 ಕಿಲೋ ತೂಕದ ಮನುಷ್ಯ ದೋಣಿಯಿಂದ ಮುಕ್ಕಾಲು ಮೀಟರ್ ಆಚೆ ನಿಂತರೆ ತಿರುಗಿಸುವ ಪರಿಣಾಮ ಸುಮಾರು 450 ನ್ಯೂಟನ್–ಮೀಟರ್. ಅವಸರಪಟ್ಟು ಜಗ್ಗಬೇಕಿಲ್ಲ. ಹಾಯಿಯ ಮೇಲಿನ ನೀರು ಮೆಲ್ಲಗೆ ಜಾರಿಹೋಗುತ್ತದೆ, ಕಂಬ ಮೇಲೇಳುತ್ತದೆ, ದೋಣಿ ಸರ್ರನೆ ನೆಟ್ಟಗಾಗುತ್ತದೆ. ಔಷಧದ ಅಂಗಡಿಯವರು ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಗುರ. ತುದಿಗೆ ಸರಿದು ನಿಂತು ದೋಣಿಯನ್ನು ಎಬ್ಬಿಸಿದವರಲ್ಲಿ ಅವರೇ ಮೊದಲಿಗರು. ಭುಜಬಲದ ಬಗ್ಗೆ ಮಾತಾಡುತ್ತಿದ್ದ ಇಬ್ಬರು ಗಂಡಸರು ಬುಡದಲ್ಲೇ ನಿಂತು ಏದುಸಿರು ಬಿಡುತ್ತಿದ್ದರು.

‘ಹಾಯಿಯ ಅಡಿಗೆ ಸಿಕ್ಕಿಕೊಂಡರೆ?’ ಎಲ್ಲ ಹೊಸಬರ ಮನಸ್ಸಿನಲ್ಲೂ ಇರುವ, ಹೆಚ್ಚಿನವರು ಕೇಳಲು ನಾಚುವ ಪ್ರಶ್ನೆ. ಉತ್ತರ ಸುಲಭ. ಅಂಗೈಯಿಂದ ಬಟ್ಟೆಯನ್ನು ಮೇಲಕ್ಕೆ ಎತ್ತಿದರೆ ಅಲ್ಲೊಂದು ಗಾಳಿಯ ಗುಡಿಸಲು ಆಗುತ್ತದೆ. ಒಂದು ಉಸಿರು ತೆಗೆದುಕೊಂಡು, ಹಾಯಿಯ ಹೊಲಿಗೆಯ ಗೆರೆಯೊಂದನ್ನು ಹಿಡಿದು ಅದರ ಜಾಡಿನಲ್ಲೇ ಕೈ ಸರಿಸುತ್ತ ಹೋದರೆ ಅಂಚು ಸಿಕ್ಕೇ ಸಿಗುತ್ತದೆ. ಇದನ್ನು ಕಿವಿಯಿಂದ ಕೇಳುವುದಕ್ಕೂ ಒಮ್ಮೆ ಮಾಡಿನೋಡುವುದಕ್ಕೂ ಅಜಗಜಾಂತರ. ಮೂರನೆಯ ಸಲ ಮಗುಚುವಾಗ ನಿವೃತ್ತ ಬ್ಯಾಂಕ್ ಅಧಿಕಾರಿಗಳು ನಗುತ್ತಿದ್ದರು. ಮೊದಲ ಸಲ ಅವರ ಮುಖ ನೋಡಿದ್ದವರು ನಂಬಲಾರರು.

ಐದು ಲೀಟರಿನ ಡಬ್ಬಿ

ಇಷ್ಟಕ್ಕೆಲ್ಲ ಆಧಾರ ಲೈಫ್ ಜಾಕೆಟ್. ಕಲಿಯುವವರು ತೊಡುವ ತೇಲುಅಂಗಿಯ ಮೇಲೆ ‘50 ನ್ಯೂಟನ್’ ಎಂದು ಬರೆದಿರುತ್ತದೆ. ಅಂದರೆ ಸುಮಾರು 5 ಕಿಲೋ ಭಾರವನ್ನು ಎತ್ತಿಹಿಡಿಯುವ ಶಕ್ತಿ. 60 ಕಿಲೋ ಮನುಷ್ಯನಿಗೆ ಬರೀ 5 ಕಿಲೋ ಸಾಕೆ? ಇದು ವಿದ್ಯಾರ್ಥಿಗಳು ಯೋಚಿಸಬೇಕಾದ ಪ್ರಶ್ನೆ.

ಆರ್ಕಿಮಿಡೀಸನ ತತ್ತ್ವ ನೆನಪಿಸಿಕೊಳ್ಳಿ. ನಮ್ಮ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಸಮೀಪ. ಮುಳುಗಿದ ದೇಹವನ್ನು ನೀರೇ ಬಹುಪಾಲು ಹೊತ್ತಿರುತ್ತದೆ. ಎದೆ ತುಂಬ ಉಸಿರೆಳೆದು ಅಂಗಾತ ಮಲಗಿದರೆ ಹೆಚ್ಚಿನವರು ತೇಲುತ್ತಾರೆ. ತೊಂದರೆ ಬರುವುದು ತಲೆಯಿಂದ. ತಲೆಯನ್ನು ನೀರಿನಿಂದ ಹೊರಗೆ ಹಿಡಿದಿಟ್ಟುಕೊಳ್ಳಬೇಕಲ್ಲ? ಅದರ ತೂಕ ನಾಲ್ಕೈದು ಕಿಲೋ. ತೇಲುಅಂಗಿ ಹೊರಬೇಕಾದ ಹೊರೆ ಅಷ್ಟೇ. ಇದು ಈಜು ಬಲ್ಲವರಿಗೆ, ಸಹಾಯ ಹತ್ತಿರವಿರುವ ನೀರಿಗೆ ಹೇಳಿದ ಲೆಕ್ಕ. ತೆರೆದ ಸಮುದ್ರಕ್ಕೆ 150 ನ್ಯೂಟನ್ನಿನ ಜಾಕೆಟ್‌ಗಳಿವೆ.

ಈಗ ಮನೆಗೆ ಬನ್ನಿ. ಬಿಗಿಯಾಗಿ ಮುಚ್ಚಳ ಹಾಕಿದ 5 ಲೀಟರಿನ ಖಾಲಿ ಎಣ್ಣೆ ಡಬ್ಬಿ 5 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಅಂದರೆ ಅದರ ಎತ್ತುವ ಶಕ್ತಿಯೂ ಹತ್ತಿರ ಹತ್ತಿರ 50 ನ್ಯೂಟನ್. ಮುಳುಗುತ್ತಿರುವವನಿಗೆ ಇದನ್ನು ಹಗ್ಗ ಕಟ್ಟಿ ಎಸೆದರೆ ಅವನ ತಲೆ ಮೇಲಿರುತ್ತದೆ. ಆದ್ದರಿಂದ ಮಕ್ಕಳೇ, ಗೆಳೆಯ ನೀರಿಗೆ ಬಿದ್ದರೆ ನೀವು ಹಾರಬೇಡಿ. ಕೂಗಿ ದೊಡ್ಡವರನ್ನು ಕರೆಯಿರಿ. ಡಬ್ಬಿ, ಖಾಲಿ ಪ್ಲಾಸ್ಟಿಕ್ ಕೊಡ, ಬಾಳೆದಿಂಡು, ಏನು ಕೈಗೆ ಸಿಕ್ಕಿದರೆ ಅದನ್ನು ಎಸೆಯಿರಿ. ದಡದ ಮೇಲೆ ಮಲಗಿಕೊಂಡು ಕೋಲನ್ನೋ ಪಂಚೆಯನ್ನೋ ಚಾಚಿ. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಾನೆ. ಅವನ ಕೈಗೆ ಸಿಗಬೇಕಾದ್ದು ಡಬ್ಬಿ, ನಿಮ್ಮ ಕುತ್ತಿಗೆಯಲ್ಲ.

ರೈತ ಬಂಧುಗಳಿಗೂ ಒಂದು ಮಾತು. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡಗಳ ಬದಿ ಒದ್ದೆಯಾದಾಗ ಗಾಜಿನಂತೆ ಜಾರುತ್ತದೆ. ಈಜು ಬಲ್ಲವರಿಗೂ ಹತ್ತಿ ಬರುವುದು ಕಷ್ಟ. ಸುತ್ತ ಬೇಲಿ ಹಾಕಿ. ನಾಲ್ಕು ಬದಿಗೂ ಗಂಟು ಹಾಕಿದ ಹಗ್ಗ ಇಳಿಬಿಡಿ. ತುದಿಗೊಂದು ಮುಚ್ಚಿದ ಡಬ್ಬಿ ಕಟ್ಟಿಡಿ. ಖರ್ಚು ಹೆಚ್ಚಿಲ್ಲ.

ಎದುರುಗಾಳಿಯ ಗುಟ್ಟು

‘ಗಾಳಿ ಬಂದಾಗ ತೂರಿಕೋ’ ಎಂದು ಹಿರಿಯರು ಹೇಳಿದರು. ಕಣದಲ್ಲಿ ಅದು ಸರಿ. ನಮ್ಮ ಕರಾವಳಿಯ ಮೀನುಗಾರರೂ ಯಂತ್ರಗಳು ಬರುವ ಮೊದಲು ಇದನ್ನೇ ಮಾಡುತ್ತಿದ್ದರು. ರಾತ್ರಿ ನೆಲ ಬೇಗ ತಣಿಯುವುದರಿಂದ ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿಗೆ. ಹಗಲು ನೆಲ ಬೇಗ ಕಾಯುವುದರಿಂದ ಮಧ್ಯಾಹ್ನ ಕಡಲಿಂದ ನೆಲಕ್ಕೆ. ಹೋಗುವಾಗ ಒಂದು ಗಾಳಿ, ಬರುವಾಗ ಇನ್ನೊಂದು. ಪಠ್ಯಪುಸ್ತಕದ ನೆಲಗಾಳಿ–ಕಡಲಗಾಳಿಯ ಚಿತ್ರ ಅವರಿಗೆ ದಿನನಿತ್ಯದ ವೇಳಾಪಟ್ಟಿಯಾಗಿತ್ತು.

ಆದರೆ ಹೋಗಬೇಕಾದ ಕಡೆಯಿಂದಲೇ ಗಾಳಿ ಬೀಸುತ್ತಿದ್ದರೆ? ಹೊಸಬರಿಗೆ ತಲೆ ತಿರುಗಿಸುವ ಸಂಗತಿ ಇದು. ನೇರವಾಗಿ ಗಾಳಿಯ ಬಾಯಿಗೆ ಯಾವ ಹಾಯಿದೋಣಿಯೂ ಹೋಗಲಾರದು. ಗಾಳಿ ಬರುವ ದಿಕ್ಕಿನಿಂದ ಎಡಕ್ಕೆ ಸುಮಾರು 45 ಡಿಗ್ರಿ, ಬಲಕ್ಕೆ ಸುಮಾರು 45 ಡಿಗ್ರಿ ನಿಷಿದ್ಧ ವಲಯ. ಅದರ ಅಂಚಿನಲ್ಲಿ ಓರೆಯಾಗಿ ಹೋಗಬಹುದು. ಒಂದಷ್ಟು ದೂರ ಎಡಕ್ಕೆ ಓರೆ, ಆಮೇಲೆ ತಿರುಗಿ ಬಲಕ್ಕೆ ಓರೆ. ಘಾಟಿ ರಸ್ತೆ ಬೆಟ್ಟ ಹತ್ತುವುದು ಹೀಗೆಯೇ ಅಲ್ಲವೇ? 45 ಡಿಗ್ರಿಯಲ್ಲಿ ಹೀಗೆ ಅಂಕುಡೊಂಕಾಗಿ ಸಾಗಿದರೆ 1 ಕಿ.ಮೀ. ಎದುರಿಗೆ ಹೋಗಲು ಸುಮಾರು 1.41 ಕಿ.ಮೀ. ಕ್ರಮಿಸಬೇಕು. ಪೈಥಾಗೊರಸನ ಪ್ರಮೇಯ ಗೊತ್ತಿದ್ದವರು ಲೆಕ್ಕ ಹಾಕಿ ನೋಡಿ.

ಓರೆಯಾಗಿಯಾದರೂ ಗಾಳಿಯೆದುರು ಹೋಗುವುದು ಹೇಗೆ ಸಾಧ್ಯ? ಒಂದು ಸಪೋಟ ಹಣ್ಣು ತಿಂದು ಅದರ ಬೀಜ ತೆಗೆದುಕೊಳ್ಳಿ. ಒದ್ದೆ ಬೀಜವನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಒತ್ತಿ. ಬೆರಳುಗಳು ಅಡ್ಡಕ್ಕೆ ಒತ್ತುತ್ತಿವೆ. ಬೀಜ ಮಾತ್ರ ಮುಂದಕ್ಕೆ ಚಿಮ್ಮುತ್ತದೆ. ಹಾಯಿದೋಣಿಯಲ್ಲಿ ಒಂದು ಬೆರಳು ಹಾಯಿಯ ಮೇಲಿನ ಗಾಳಿ, ಇನ್ನೊಂದು ಬೆರಳು ಸೆಂಟರ್‌ಬೋರ್ಡಿನ ಮೇಲಿನ ನೀರು. ಬಾಗಿದ ಹಾಯಿ ವಿಮಾನದ ರೆಕ್ಕೆಯಂತೆ ಗಾಳಿಯನ್ನು ತಿರುಗಿಸುವುದರಿಂದ ದೋಣಿಗೆ ಹೆಚ್ಚಿನ ಪಾಲು ಅಡ್ಡಕ್ಕೆ, ಸ್ವಲ್ಪ ಪಾಲು ಮುಂದಕ್ಕೆ ಬಲ ಸಿಗುತ್ತದೆ. ಅಡ್ಡಬಲವನ್ನು ನೀರಿನಲ್ಲಿರುವ ಹಲಗೆ ತಡೆದು ನಿಲ್ಲಿಸುತ್ತದೆ. ಉಳಿಯುವುದು ಮುಂದಿನ ಚಲನೆ.

ಗಾಳಿಯ ಬಲದ ಲೆಕ್ಕವನ್ನೂ ತಿಳಿದಿರಬೇಕು. 7 ಚದರ ಮೀಟರಿನ ಹಾಯಿಯ ಮೇಲೆ 10 ನಾಟ್, ಅಂದರೆ ಗಂಟೆಗೆ 18.5 ಕಿ.ಮೀ. ಗಾಳಿ ಸ್ಥೂಲವಾಗಿ 11 ಕಿಲೋ ಭಾರದಷ್ಟು ಬಲ ಹಾಕುತ್ತದೆ. ಗಾಳಿ 20 ನಾಟ್ ಆದರೆ ಅದು 22 ಕಿಲೋ ಆಗುವುದಿಲ್ಲ. 44ರ ಸುಮಾರು ಆಗುತ್ತದೆ. ಬಲ ವೇಗದ ವರ್ಗಕ್ಕೆ ಅನುಗುಣ. ‘ಗಾಳಿ ಸ್ವಲ್ಪ ಜಾಸ್ತಿ, ಪರವಾಗಿಲ್ಲ’ ಎಂದು ಹೊರಡುವವರನ್ನು ತರಬೇತುದಾರರು ತಡೆಯುವುದು ಇದಕ್ಕೇ.

ಹಗ್ಗ ಬಿಡುವುದೇ ಬ್ರೇಕು

ಹಾಯಿದೋಣಿಗೆ ಬ್ರೇಕಿಲ್ಲ ಎಂದು ಕೇಳಿದ ಕೂಡಲೇ ದೊಡ್ಡವರ ಎದೆ ಧಸಕ್ಕೆನ್ನುತ್ತದೆ. ನಿಜಕ್ಕೂ ಇದರಷ್ಟು ಸುಲಭವಾಗಿ ತಣಿಸಬಲ್ಲ ವಾಹನ ಇನ್ನೊಂದಿಲ್ಲ. ಹಾಯಿಯ ಹಗ್ಗವನ್ನು ಕೈಬಿಟ್ಟರೆ ಆಯಿತು. ಹಾಯಿ ಒಗೆದು ಹರವಿದ ಸೀರೆಯಂತೆ ಪಟಪಟಿಸುತ್ತದೆ, ಬಲ ಹೋಗುತ್ತದೆ, ದೋಣಿ ನಿಧಾನವಾಗಿ ನಿಲ್ಲುತ್ತದೆ.

ಆದರೆ ಹೆದರಿದ ಕೈ ಮಾಡುವುದೇನು? ಸಿಕ್ಕಿದ್ದನ್ನು ಇನ್ನೂ ಗಟ್ಟಿಯಾಗಿ ಹಿಡಿಯುವುದು. ಹಗ್ಗ ಬಿಗಿಯಾದಷ್ಟೂ ಹಾಯಿಗೆ ಬಲ ಹೆಚ್ಚು, ದೋಣಿ ಇನ್ನಷ್ಟು ವಾಲುತ್ತದೆ, ಭಯ ಇನ್ನಷ್ಟು ಏರುತ್ತದೆ, ಕೈ ಇನ್ನಷ್ಟು ಬಿಗಿಯುತ್ತದೆ. ಈ ಸುತ್ತನ್ನು ಕಡಿಯುವುದೇ ಅರ್ಧ ವಿದ್ಯೆ. ನಮ್ಮ ಶಿಬಿರದಲ್ಲಿ ದಿನಕ್ಕೆ ಹತ್ತಾರು ಸಲ ಕೇಳುತ್ತಿದ್ದ ಮಾತು ‘ಬಿಡಿ, ಬಿಡಿ, ಹಗ್ಗ ಬಿಡಿ!’

ಚುಕ್ಕಾಣಿಯದು ಇನ್ನೊಂದು ತಮಾಷೆ. ಹಿಡಿಕೋಲನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ತಿರುಗುತ್ತದೆ. ಮೂವತ್ತು ವರ್ಷ ಸ್ಕೂಟರ್ ಓಡಿಸಿದವರ ಕೈಗೆ ಇದು ಒಗ್ಗಲು ಎರಡು ದಿನ ಬೇಕು. ದೋಣಿ ತಿರುಗುವಾಗ ಹಾಯಿಯ ಕೆಳಗಿನ ಅಡ್ಡಕೋಲು ಈ ಬದಿಯಿಂದ ಆ ಬದಿಗೆ ಬೀಸಿಬರುತ್ತದೆ. ತಲೆ ತಗ್ಗಿಸದವನಿಗೆ ಅದು ಒಂದೇ ಪೆಟ್ಟಿನಲ್ಲಿ ವಿನಯ ಕಲಿಸುತ್ತದೆ.

ಮಕ್ಕಳು ಇದನ್ನೆಲ್ಲ ಬೇಗ ಹಿಡಿಯುತ್ತಾರೆ, ನಿಜ. ಅವರ ಮೈ ಹಗುರ, ಬಿದ್ದರೆ ನಗುತ್ತಾರೆ, ನೋಡುವವರ ಚಿಂತೆಯಿಲ್ಲ. ದೊಡ್ಡವರು ಬೀಳುವ ಮೊದಲೇ ಹತ್ತು ಸಲ ಮನಸ್ಸಿನಲ್ಲಿ ಬಿದ್ದಿರುತ್ತಾರೆ. ಆದರೆ ದೊಡ್ಡವರಿಗೊಂದು ಅನುಕೂಲವಿದೆ. ಅವರು ‘ಯಾಕೆ?’ ಎಂದು ಕೇಳುತ್ತಾರೆ. ದೋಣಿ ಯಾಕೆ ವಾಲಿತು, ಯಾಕೆ ಎದ್ದಿತು ಎಂಬುದು ಅರ್ಥವಾದೊಡನೆ ಅವರ ಭಯದ ಮುಕ್ಕಾಲು ಪಾಲು ಇಳಿಯುತ್ತದೆ. ಉಳಿದ ಕಾಲು ಪಾಲನ್ನು ಅಭ್ಯಾಸ ಇಳಿಸುತ್ತದೆ.

ಕಲಿಯದೆ ಹೊರಟವನ ಕಥೆ

1968ರಲ್ಲಿ ಎಲ್ಲೂ ನಿಲ್ಲದೆ ಒಬ್ಬೊಬ್ಬರೇ ಭೂಮಿ ಸುತ್ತುವ ‘ಗೋಲ್ಡನ್ ಗ್ಲೋಬ್’ ಪಂದ್ಯ ನಡೆಯಿತು. ಹೊರಟವರು ಒಂಬತ್ತು ಮಂದಿ. ಮುಗಿಸಿದವನು ರಾಬಿನ್ ನಾಕ್ಸ್–ಜಾನ್‌ಸ್ಟನ್ ಒಬ್ಬನೇ, 312 ದಿನಗಳಲ್ಲಿ. ಹೊರಟವರಲ್ಲಿ ಸ್ಕಾಟ್‌ಲೆಂಡಿನ ಚೇ ಬ್ಲೈತ್ ಎಂಬ 28ರ ತರುಣನಿದ್ದ. ಎರಡು ವರ್ಷ ಮೊದಲು ಗೆಳೆಯನೊಬ್ಬನ ಜೊತೆ ಹುಟ್ಟು ಹಾಕಿಯೇ ಅಟ್ಲಾಂಟಿಕ್ ದಾಟಿದ್ದ ಗಟ್ಟಿಗ. ಆದರೆ ಹಾಯಿದೋಣಿಯ ಗಂಧಗಾಳಿ ಇರಲಿಲ್ಲ. ಹೊರಟ ದಿನ ಗೆಳೆಯರು ಇನ್ನೊಂದು ದೋಣಿಯಲ್ಲಿ ಮುಂದೆ ಹೋಗುತ್ತಿದ್ದರು. ಅವರು ಮಾಡಿದ್ದನ್ನೆಲ್ಲ ಈತ ನೋಡಿ ನೋಡಿ ಮಾಡುತ್ತಿದ್ದ!

ಆ ಧೈರ್ಯ ಆತನನ್ನು ದಕ್ಷಿಣ ಆಫ್ರಿಕದವರೆಗೆ ತಲುಪಿಸಿತು. ಅಲ್ಲಿ ಪಂದ್ಯದಿಂದ ಹಿಂದೆ ಸರಿದ. ಅದು ಸೋಲೆಂದು ಕಂಡರೂ ವಿವೇಕದ ಕೆಲಸ. ಎರಡು ವರ್ಷ ಕಳೆದು, ಸಮರ್ಥವಾದ ದೋಣಿ, ಸರಿಯಾದ ತಯಾರಿಯೊಂದಿಗೆ 1970–71ರಲ್ಲಿ ಬೀಸುಗಾಳಿಗೆ ಎದುರಾಗಿ, ಪಶ್ಚಿಮ ದಿಕ್ಕಿನಲ್ಲಿ, ಎಲ್ಲೂ ನಿಲ್ಲದೆ 292 ದಿನಗಳಲ್ಲಿ ಭೂಮಿಯನ್ನು ಸುತ್ತಿದ. ಮುಂದೆ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಸಾಗರಕ್ಕೆ ಕರೆದೊಯ್ಯುವ ಪಂದ್ಯವನ್ನು 1992ರಲ್ಲಿ ಶುರುಮಾಡಿದವನೂ ಈತನೇ. ನಾಕ್ಸ್–ಜಾನ್‌ಸ್ಟನ್ 1996ರಲ್ಲಿ ಆರಂಭಿಸಿದ ‘ಕ್ಲಿಪ್ಪರ್’ ಪಂದ್ಯದಲ್ಲೂ ಹಿಂದೆಂದೂ ಹಾಯಿ ಮುಟ್ಟದ ಅನೇಕರು ಪಾಲ್ಗೊಳ್ಳುತ್ತಾರೆ. ನಾಲ್ಕು ಹಂತದ ತರಬೇತಿ ಮುಗಿಸಿದ ಮೇಲೆಯೇ ಅವರಿಗೆ ಸಾಗರ. ಧೈರ್ಯ ಎಷ್ಟೇ ಇರಲಿ, ಪಾಠಕ್ಕೆ ಬದಲಿಯಾಗದು.

ಮಹದಾಯಿಯ ಹೆಸರಿನ ದೋಣಿ

ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆದ ಬಗೆಯೂ ತಿಳಿಯುವಂಥದು. 2006ರಲ್ಲಿ ಒಂಟಿಯಾಗಿ ಭೂಮಿ ಸುತ್ತಲು ನೌಕಾಪಡೆಯ ದಿಲೀಪ್ ದೊಂದೆ ಮುಂದೆ ಬಂದಾಗ, ಅದನ್ನು ಮಾಡಿದ್ದ ಭಾರತೀಯರು ಯಾರೂ ಇರಲಿಲ್ಲ. ಕಲಿಸುವ ಗುರುವೂ ಇಲ್ಲಿರಲಿಲ್ಲ. ನಲವತ್ತರ ಹೊಸ್ತಿಲಲ್ಲಿದ್ದ ಅವರು ಬ್ರಿಟನ್ನಿಗೆ ಹೋಗಿ ನಾಕ್ಸ್–ಜಾನ್‌ಸ್ಟನ್ ಬಳಿ ವಿದ್ಯಾರ್ಥಿಯಾದರು. ದೋಣಿ ಗೋವಾದಲ್ಲಿ ಸಿದ್ಧವಾಯಿತು. ಅದಕ್ಕಿಟ್ಟ ಹೆಸರು ‘ಮ್ಹಾದೇಯಿ’. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಗೋವಾಕ್ಕೆ ಹರಿಯುವ ಮಹದಾಯಿ ನದಿಯ ಹೆಸರು ಅದು. 2009ರ ಆಗಸ್ಟ್‌ನಲ್ಲಿ ಮುಂಬಯಿಯಿಂದ ಹೊರಟ ದೊಂದೆ ನಾಲ್ಕು ಕಡೆ ನಿಂತು 2010ರ ಮೇ ತಿಂಗಳಲ್ಲಿ ಮರಳಿದರು.

ಅದೇ ದೋಣಿಯಲ್ಲಿ ಅಭಿಲಾಷ್ ಟೋಮಿ 2012–13ರಲ್ಲಿ ಎಲ್ಲೂ ನಿಲ್ಲದೆ ಭೂಮಿ ಸುತ್ತಿದರು. 2018ರ ಸೆಪ್ಟೆಂಬರಿನಲ್ಲಿ ಇನ್ನೊಂದು ಪಂದ್ಯದ ನಡುವೆ ಹಿಂದೂ ಮಹಾಸಾಗರದ ಬಿರುಗಾಳಿಗೆ ಅವರ ದೋಣಿ ಉರುಳಿ, ಕಂಬ ಮುರಿದು, ಬೆನ್ನುಮೂಳೆಗೆ ಏಟಾಯಿತು. ಮೂರು ದಿನಗಳ ಬಳಿಕ ಫ್ರೆಂಚ್ ಹಡಗೊಂದು ಅವರನ್ನು ಎತ್ತಿಕೊಂಡಿತು. ಶಸ್ತ್ರಚಿಕಿತ್ಸೆಯ ನಂತರ ನಡೆಯುವುದರಿಂದಲೇ ಶುರುಮಾಡಬೇಕಾಯಿತು. ಅವರು ಅದೇ ಪಂದ್ಯಕ್ಕೆ 2022ರಲ್ಲಿ ಮತ್ತೆ ಹೊರಟು 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಮುಗಿಸಿದರು.

‘ತಾರಿಣಿ’ ದೋಣಿಯಲ್ಲಿ ವರ್ತಿಕಾ ಜೋಶಿ ನಾಯಕತ್ವದ ಆರು ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟು 2018ರ ಮೇ 21ರಂದು ಮರಳಿದ್ದು ನಿಮಗೆ ನೆನಪಿರಬಹುದು. ಅವರನ್ನು ತಯಾರು ಮಾಡಿದವರು ದೊಂದೆ. ಆರು ಮಂದಿಯಲ್ಲಿ ಒಬ್ಬರಾದ ಪ್ರತಿಭಾ ಜಮ್ವಾಲ್ ಹಿಮಾಚಲದ ಕುಲ್ಲುವಿನವರು. ಅಲ್ಲಿ ಕಣ್ಣಿಗೆ ಕಾಣುವುದು ಹಿಮಪರ್ವತ, ಕಡಲಲ್ಲ. ಅವರನ್ನು ಯಾರೂ ನೇರವಾಗಿ ಮಹಾಸಾಗರಕ್ಕೆ ಕಳಿಸಲಿಲ್ಲ. ಮಾರಿಷಸ್‌ವರೆಗೆ ಹೋಗಿಬಂದು ಪಳಗಿದ ಮೇಲೆ ದೊಡ್ಡ ಪ್ರಯಾಣ. ಅದೇ ತಾರಿಣಿಯಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು 2024ರ ಅಕ್ಟೋಬರ್ 2ರಂದು ಹೊರಟು 2025ರ ಮೇ 29ರಂದು ಭೂಪ್ರದಕ್ಷಿಣೆ ಮುಗಿಸಿ ಬಂದರು.

ಕಲಿಯಬೇಕೆನ್ನುವವರಿಗೆ

ಕಡಲು ಹತ್ತಿರವಿಲ್ಲವಲ್ಲ ಎಂದು ಬಯಲುಸೀಮೆಯವರು ಹಿಂಜರಿಯಬೇಕಿಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಹಾಯಿದೋಣಿಯಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಕಲಿತದ್ದು ಭೋಪಾಲದ ಕೆರೆಯಲ್ಲಿ. ಹೈದರಾಬಾದಿನ ಹುಸೇನ್ ಸಾಗರ ಕೆರೆಯಲ್ಲೂ ಹಾಯಿಗಳು ಓಡಾಡುತ್ತವೆ. ಮುಂಬಯಿ, ಗೋವಾ, ಚೆನ್ನೈಗಳಲ್ಲಿ ದೊಡ್ಡವರಿಗೂ ಪಾಠವಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಎನ್.ಸಿ.ಸಿ.ಯ ನೌಕಾ ವಿಭಾಗವಿದೆ. ಹುಟ್ಟು ಹಾಕುವುದು, ಹಾಯಿ ಓಡಿಸುವುದು ಎರಡೂ ಅದರ ತರಬೇತಿಯಲ್ಲಿ ಸೇರಿವೆ.

ಸೇರುವ ಮೊದಲು ನಾಲ್ಕು ವಿಷಯ ವಿಚಾರಿಸಿ. ಪ್ರತಿಯೊಬ್ಬರಿಗೂ ಅಳತೆಗೆ ಸರಿಹೊಂದುವ ತೇಲುಅಂಗಿ ಕೊಡುತ್ತಾರೆಯೇ? ಹೊಸಬರು ನೀರಿನಲ್ಲಿರುವಾಗ ಎಂಜಿನ್ ಇರುವ ರಕ್ಷಣಾ ದೋಣಿ ಜೊತೆಗಿರುತ್ತದೆಯೇ? ಮಗುಚಿ ಎಬ್ಬಿಸುವ ಪಾಠ ಮೊದಲೇ ಇದೆಯೇ? ಗಾಳಿ ಹೆಚ್ಚಿದರೆ ಆ ದಿನದ ಪಾಠ ನಿಲ್ಲಿಸುತ್ತಾರೆಯೇ? ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಬೇರೆ ಕಡೆ ನೋಡಿ. ಈಜು ಬಾರದವರು ಮೊದಲು ಈಜು ಕಲಿಯಿರಿ. ಅದಕ್ಕೂ ವಯಸ್ಸಿನ ಮಿತಿಯಿಲ್ಲ. ಕಲಿತ ಮೇಲೂ ಒಂದು ನಿಯಮ ಮರೆಯಬೇಡಿ: ಮಗುಚಿದ ದೋಣಿಯನ್ನು ಬಿಟ್ಟು ದಡಕ್ಕೆ ಈಜಲು ಹೊರಡಬಾರದು. ಡಿಂಗಿಯೊಳಗೆ ಗಾಳಿ ತುಂಬಿದ ಮುಚ್ಚಿದ ಕೋಶಗಳಿರುವುದರಿಂದ ಅದು ಮುಳುಗದು. ದೂರದಿಂದ ತಲೆ ಕಾಣದಿದ್ದರೂ ದೋಣಿ ಕಾಣುತ್ತದೆ. ದಡ ಮಾತ್ರ ಕಣ್ಣಿಗೆ ಕಂಡದ್ದಕ್ಕಿಂತ ಯಾವಾಗಲೂ ದೂರ.

ತಂದೆತಾಯಂದಿರೇ, ನಿಮ್ಮ ಮಗ ಅಥವಾ ಮಗಳು ಪರೀಕ್ಷೆಗೆ ಹೆದರಿದಾಗ ನೀವು ‘ಹೆದರಬೇಡ’ ಎನ್ನುತ್ತೀರಿ. ಆ ಮಾತಿಗಿಂತ ನೀವೇ ಹೊಸದೊಂದನ್ನು ಕಲಿಯಲು ಹೋಗಿ, ನಾಲ್ಕು ಜನರೆದುರು ತೊಪ್ಪೆಯಾಗಿ ಒದ್ದೆಯಾಗಿ, ಮತ್ತೆ ಎದ್ದು ಬಂದದ್ದನ್ನು ಅವರು ನೋಡಿದರೆ ಪರಿಣಾಮ ಹೆಚ್ಚು. ಹಾಯಿದೋಣಿ ಎಲ್ಲರಿಗೂ ಎಟುಕದಿರಬಹುದು. ಈಜುಕೊಳ ಎಟುಕೀತು. ಅದೂ ಇಲ್ಲದಿದ್ದರೆ ಮುಂದಿನ ಭಾನುವಾರ ಐದು ಲೀಟರಿನ ಖಾಲಿ ಡಬ್ಬಿಗೆ ಹತ್ತು ಮೀಟರ್ ಹಗ್ಗ ಕಟ್ಟಿ, ಮನೆಮಂದಿಯೆಲ್ಲ ಅಂಗಳದಲ್ಲಿ ಗುರಿಯಿಟ್ಟು ಎಸೆಯುವ ಅಭ್ಯಾಸ ಮಾಡಿ. ಅಜ್ಜಿಯನ್ನೂ ಕರೆಯಿರಿ.